ಡ್ರಾಯಿಂಗ್ ಮೇಷ್ಟ್ರ ದುರ್ಬೀನು

ಡ್ರಾಯಿಂಗ್ ಮೇಷ್ಟ್ರು ಯಾರನ್ನೂ ನೇರವಾಗಿ ನೋಡಿ ಮಾತಾಡುತ್ತಿರಲಿಲ್ಲ. ಕತ್ತನ್ನು ತುಸು ಬಲಕ್ಕೆ ತಿರುಗಿಸಿ, ಎಡಗಣ್ಣನ್ನು ಮುಂದೆ ಮಾಡಿಕೊಂಡು, ಕೋಳಿ ಕಾಳನ್ನು ನೋಡುವ ಹಾಗೆ ಓರೆಯಾಗಿ ನೋಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನ್ಯಾಮತಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದ ದಿನ, ಸ್ಟಾಫ್ ರೂಮಿನಲ್ಲಿ ಮೊದಲು ಕಣ್ಣಿಗೆ ಬಿದ್ದವರು ಅವರೇ. ಈ ಮನುಷ್ಯನಿಗೆ ಎಷ್ಟು ಗತ್ತು ಅಂದುಕೊಂಡೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅದೇ ಮನುಷ್ಯ, ಅದೇ ಓರೆ ನೋಟದಲ್ಲಿ, ತಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸಿ, “ಶೇಂಗಾ ಚಟ್ನಿ ಐತೆ, ಹಾಕ್ಕೊಳ್ರಿ ಮೇಡಮ್ಮೋರೆ. ನಮ್ಮನೇರು ಜಗಳೂರು ಕಡೇರು, ಖಾರ ಜಾಸ್ತಿ ಇರ್ತೈತೆ, ನೋಡ್ಕೊಂಡು ತಿನ್ರಿ” ಅಂದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಈಚೆಗೆ ನನ್ನ ಕಣ್ಣಿನ ಪೊರೆ ತೋರಿಸಲು ಹೋದಾಗ ಡಾಕ್ಟರು, ಒಂದು ಕಣ್ಣು ಮುಚ್ಚಿಕೊಂಡು ಓದಿ ಅಂದರು. ಅಂಗೈಯನ್ನು ಕಣ್ಣಿಗಿಟ್ಟುಕೊಂಡ ಕೂಡಲೇ ಮೇಷ್ಟ್ರು ನೆನಪಾದರು. ಗೋಡೆಯ ಮೇಲಿನ ಅಕ್ಷರ ಓದುವುದು ಮರೆತೇಹೋಯಿತು. ಮನೆಗೆ ಬಂದ ಮೇಲೆ ಅವರ ಬಗ್ಗೆ ಒಂದಿಷ್ಟು ಬರೆದಿಡಬೇಕು ಅನ್ನಿಸಿತು.

ಸಣಕಲು ಮೈ, ಎತ್ತರದ ಆಳು. ಬಿಳಿ ಅಂಗಿಯ ಎಡಗೈ ತೋಳಿನಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ. ಬೋರ್ಡಿನ ಮೇಲೆ ಒಂದೇ ಬೀಸಿಗೆ ಗುಂಡಗೆ ವೃತ್ತ ಎಳೆಯುತ್ತಿದ್ದರು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಕೈವಾರ ಸಿಗದಿದ್ದಾಗ, “ಬಂದು ಒಂದು ಸೊನ್ನೆ ಹಾಕಿಕೊಟ್ಟು ಹೋಗ್ರಿ” ಎಂದು ಕರೆಯುತ್ತಿದ್ದರು. ಮಕ್ಕಳ ಚಿತ್ರ ಎಷ್ಟೇ ಕೆಟ್ಟದಾಗಿರಲಿ, ಅದರಲ್ಲೊಂದು ಸರಿಯಾದ ಗೆರೆ ಹುಡುಕಿ, ಅದರ ಕೆಳಗೆ ಸಣ್ಣದೊಂದು ಟಿಕ್ ಹಾಕುವುದು ಅವರ ಪದ್ಧತಿ. ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಒಂದೇ ವಿಷಯಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಅವರ ಹತ್ತಿರ ಒಂದು ದುರ್ಬೀನು ಇತ್ತು. ನ್ಯಾಮತಿಗೆ ಬರುವ ಮೊದಲು ಅವರು ಚನ್ನಗಿರಿಯಲ್ಲಿದ್ದರು. ಅಲ್ಲಿ ಒಬ್ಬ ಅಡಿಕೆ ಮಂಡಿ ಸಾಹುಕಾರರ ಅಂಗಡಿಗೆ ಬೋರ್ಡು ಬರೆದುಕೊಟ್ಟಿದ್ದರಂತೆ. ಸಾಹುಕಾರರ ನೆಂಟರು ಮುಂಬಯಿಯಿಂದ ಮಕ್ಕಳಿಗೆ ಅಂತ ತಂದುಕೊಟ್ಟ ಪರದೇಶದ ದುರ್ಬೀನು ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿತ್ತು. “ಬೋರ್ಡಿಗೆ ಏನು ಕೊಡ್ಲಿ ಮೇಷ್ಟ್ರೇ?” ಅಂದಾಗ ಇವರು ಅಟ್ಟದ ಕಡೆ ಕೈ ತೋರಿಸಿದರಂತೆ. ಸಾಹುಕಾರರಿಗೆ ಅಟ್ಟ ಖಾಲಿಯಾದದ್ದೇ ಸಂತೋಷ.

ಅದು ಕನ್ನಡಿ ದುರ್ಬೀನು. ನಾನು ಅಲ್ಲಿಯವರೆಗೆ ದುರ್ಬೀನು ಅಂದರೆ ಒಂದು ತುದಿಗೆ ಕಣ್ಣಿಟ್ಟರೆ ಇನ್ನೊಂದು ತುದಿಯ ಗಾಜಿನಿಂದ ಕಾಣುತ್ತದೆ ಅಂತಲೇ ತಿಳಿದಿದ್ದೆ. ಇದರಲ್ಲಿ ಹಾಗಲ್ಲ. ದಪ್ಪ ಬಿಳಿ ಕೊಳವೆ, ಬಾಯಿ ತೆರೆದೇ ಇರುತ್ತದೆ. ತಳದಲ್ಲಿ ಸಾಸರಿನಷ್ಟು ಅಗಲದ, ಒಳಗೆ ತಗ್ಗಾದ ಕನ್ನಡಿ. ಬೆಳಕು ಅದಕ್ಕೆ ಬಡಿದು ಮೇಲೆ ಬಂದು, ಬಾಯಿಯ ಹತ್ತಿರ ಓರೆಯಾಗಿ ಕೂರಿಸಿದ ಪುಟ್ಟ ಕನ್ನಡಿಯಿಂದ ಪಕ್ಕಕ್ಕೆ ತಿರುಗುತ್ತದೆ. ಅಲ್ಲಿ ಪಕ್ಕದಲ್ಲಿ ಕಣ್ಣಿಡುವ ಗಾಜು. ಹೀಗಾಗಿ ನೋಡುವವರು ಆಕಾಶದ ಕಡೆ ಮುಖ ಮಾಡದೆ, ಯಾರದೋ ಮನೆಯ ಕಿಟಕಿಯಲ್ಲಿ ಇಣುಕುವವರ ಹಾಗೆ ಕೊಳವೆಯ ಪಕ್ಕ ನಿಂತಿರುತ್ತಾರೆ.

ಒಂದು ಸಲ ಹೊನ್ನಾಳಿಯಲ್ಲಿ ಶಾಲೆಗಳ ವಸ್ತುಪ್ರದರ್ಶನ ಇತ್ತು. ನನ್ನ ಮನೆ ಹೊನ್ನಾಳಿಯಲ್ಲೇ ಇದ್ದುದರಿಂದ ನಾನು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅವತ್ತು ಮೇಷ್ಟ್ರೂ ದುರ್ಬೀನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅದೇ ಬಸ್ಸು ಹತ್ತಿದರು. ಕಂಡಕ್ಟರು, “ಇದೇನ್ರಿ ಮೇಷ್ಟ್ರೇ, ತೋಪು? ಟಾಪ್ ಮೇಲೆ ಹಾಕ್ರಿ” ಅಂದ.

“ಟಾಪ್ ಮೇಲೆ ಹಾಕಿದ್ರೆ ಕನ್ನಡಿ ಅಲ್ಲಾಡ್ತೈತೆ ಕಣಪ್ಪ. ಇದಕ್ಕೂ ಒಂದು ಟಿಕೀಟು ಕೊಡು, ಸೀಟಿನ ಮೇಲೆ ಕೂರ್ತೈತೆ.”

ಕಂಡಕ್ಟರ್ ನಗುತ್ತಾ ಅರ್ಧ ಟಿಕೀಟು ಹರಿದುಕೊಟ್ಟ. ದುರ್ಬೀನು ಕಿಟಕಿ ಪಕ್ಕ ಕೂತಿತು, ಮೇಷ್ಟ್ರು ಅದರ ಹೆಗಲ ಮೇಲೆ ಕೈ ಹಾಕಿಕೊಂಡು ಕೂತರು.

ಅವತ್ತು ಸಂಜೆ ಪ್ರದರ್ಶನ ಮುಗಿದ ಮೇಲೆ ನಮ್ಮ ಮನೆಯ ಹಿತ್ತಲಿಗೆ ಅದನ್ನು ತಂದರು. ಅವರು ಅದನ್ನು ನಿಲ್ಲಿಸುವುದೇ ಒಂದು ನೋಡುವಂಥ ಕೆಲಸ. ನನ್ನ ಗಂಡ ಮಾಳಿಗೆಯ ಮೇಲೆ ಇಡೋಣ ಅಂದರು. “ಬ್ಯಾಡ್ರಿ. ಯಾರಾದ್ರೂ ಒಂದು ಹೆಜ್ಜೆ ಇಟ್ರೆ ಮಾಳಿಗೆ ನಡುಗ್ತೈತೆ, ಒಳಗೆ ಚಂದ್ರ ಕುಣೀತಾನೆ. ನೆಲಾನೇ ಗಟ್ಟಿ.” ಮೂರು ಕಾಲು ಬಿಡಿಸಿ, ಕಾಲಿನಿಂದ ಒತ್ತಿ ಮಣ್ಣಿನಲ್ಲಿ ಊರಿದರು. ಬಿಸಿಲು ಪೂರ್ತಿ ಇಳಿದ ಮೇಲಷ್ಟೇ ಕೊಳವೆಯ ಮುಚ್ಚಳ ತೆಗೆದು, ಹಾಗೇ ತಂಗಾಳಿಗೆ ಬಿಟ್ಟು, ಚಹ ಕುಡಿಯಲು ಕೂತರು. ನಮಗೆಲ್ಲ ಅವಸರ. “ತಡೀರಿ, ಬಸ್ಸಿನಾಗೆ ಕಾದು ಬಂದೈತೆ. ಕನ್ನಡಿಗೂ ಇಲ್ಲಿನ ಹವಾ ಹಿಡೀಬೇಕು, ಇಲ್ಲಾಂದ್ರೆ ಕಾಣಿಸೋದೆಲ್ಲ ನೀರಿನೊಳಗೆ ಇದ್ದಂಗೆ ಅಲುಗ್ತೈತೆ.” ದೊಡ್ಡ ಕೊಳವೆಯ ಬೆನ್ನ ಮೇಲೆ ಒಂದು ಮರಿ ಕೊಳವೆ ಇತ್ತು. ಅದನ್ನು ದೂರದ ನೀರಿನ ಟ್ಯಾಂಕಿಗೆ ಗುರಿಯಿಟ್ಟು, ಎರಡರಲ್ಲೂ ಟ್ಯಾಂಕಿನ ಅದೇ ಮೂಲೆ ಕಾಣುವವರೆಗೆ ತಿರುಪು ತಿರುಗಿಸಿದರು. ನಾನು ಇಣುಕಿದರೆ ಟ್ಯಾಂಕು ತಲೆಕೆಳಗಾಗಿ ನಿಂತಿತ್ತು.

“ನೀರು ಚೆಲ್ಲಲ್ವೇನ್ರಿ?” ಅಂದೆ.

“ಮೇಲೆ ಇರೋದಕ್ಕೆ ತಲೆ ಯಾವ್ದು, ಕಾಲು ಯಾವ್ದು ಮೇಡಮ್ಮೋರೆ? ಹೆಂಗೆ ಕಾಣ್ತೈತೋ ಹಂಗೇ ನೋಡಿದ್ರಾಯ್ತು.”

ಚಂದ್ರ ಸಿಕ್ಕಿದ. ಮೊದಲು ನೋಡಿದ್ದು ನಮ್ಮತ್ತೆ. “ಕೈ ಹಿಂದೆ ಕಟ್ಕೊಳ್ರಿ ಅವ್ವಾರೆ, ಕೊಳವೆ ಮುಟ್ಟಬ್ಯಾಡ್ರಿ” ಅಂದರು ಮೇಷ್ಟ್ರು. ಅತ್ತೆ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಕಣ್ಣಿಟ್ಟರು. ಆಮೇಲೆ, “ಅಯ್ಯ, ಜೋಳದ ರೊಟ್ಟಿ ಕಣ್ರೋ! ಅಲ್ಲಲ್ಲಿ ಉಬ್ಬಿ ಸುಟ್ಟೈತೆ” ಅಂದರು. ಮೇಷ್ಟ್ರು ಚಪ್ಪಾಳೆ ತಟ್ಟಿ ನಕ್ಕರು. ಚಂದ್ರನ ಮೇಲಿನ ಗುಂಡಿಗಳ ಬಗ್ಗೆ ತಾವು ಪಾಠ ಮಾಡಬೇಕೆಂದಿದ್ದರಂತೆ. ಅದನ್ನು ಬಿಟ್ಟು, ಮುಂದಿನ ವಾರ ಕ್ಲಾಸಿನಲ್ಲಿ ಹೆಂಚಿನ ಮೇಲಿನ ರೊಟ್ಟಿಯ ಚಿತ್ರ ಬರೆಸಿದರು.

“ಬೇಗ ಬೇಗ ನೋಡ್ರೋ” ಅಂತ ಯಾರಾದರೂ ಅವಸರ ಮಾಡಿದರೆ ಅವರು ಹೇಳುತ್ತಿದ್ದ ಮಾತು ಒಂದೇ: “ಚಂದ್ರ ಎಲ್ಲಿಗೂ ಹೋಗಲ್ಲ.” ಆದರೆ ಚಂದ್ರ ಗಾಜಿನ ಅಂಚಿನಿಂದ ಮೆಲ್ಲಗೆ ಜಾರಿ ಹೋಗುತ್ತಿದ್ದ. “ಹೋದ ನೋಡ್ರಿ ಮೇಷ್ಟ್ರೇ” ಅಂದರೆ, “ಹೋದ್ರೆ ನಾಳೆ ಬರ್ತಾನೆ” ಅನ್ನುತ್ತಾ ಮತ್ತೆ ಹಿಡಿದುಕೊಡುತ್ತಿದ್ದರು.

ಈಗ ಅವರ ಸಿಟ್ಟಿನ ವಿಷಯ. ಹೊತ್ತು ಮುಳುಗುವ ಮೊದಲು ಯಾರಾದರೂ ಕೊಳವೆಯನ್ನು ಪಡುವಣದ ಕಡೆ ತಿರುಗಿಸಲು ಹೋದರೆ ಮೇಷ್ಟ್ರ ದನಿಯೇ ಬೇರೆಯಾಗುತ್ತಿತ್ತು. ಒಮ್ಮೆ ಶಾಲೆಯ ಬಯಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಆಟಕ್ಕೆಂದು ಹಾಗೆ ಮಾಡಿದಳು. ಮುಚ್ಚಳ ಇನ್ನೂ ಹಾಕಿಯೇ ಇತ್ತು. ಆದರೂ ಮೇಷ್ಟ್ರು ಬಯಲಿನ ಆ ತುದಿಯಿಂದ “ಬಿಡೇ ಅದನ್ನ!” ಎಂದು ಕೂಗಿದ ಕೂಗಿಗೆ ಆ ಹುಡುಗಿ ಅತ್ತುಬಿಟ್ಟಳು. ಓಡಿ ಬಂದು, ಮರಿ ಕೊಳವೆಯ ಮುಚ್ಚಳವೂ ಭದ್ರವಾಗಿದೆಯೇ ಎಂದು ನೋಡಿ, ಆಮೇಲೆ ಅವಳ ತಲೆ ಸವರಿ ಸಮಾಧಾನ ಮಾಡಿದರು. ಅಷ್ಟು ಸಿಟ್ಟು ಯಾಕೆ ಅಂತ ನಮಗೆ ಗೊತ್ತಿರಲಿಲ್ಲ.

ಇನ್ನೊಂದೂ ಗೊತ್ತಿರಲಿಲ್ಲ. ನ್ಯಾಮತಿಯ ಅವರ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಅವರ ಹೆಂಡತಿ ನಗುನಗುತ್ತಾ ಮಂಡಕ್ಕಿ ಕಲೆಸಿಕೊಡುವವರು, ಹೂವು ಮುಡಿಸದೆ ಕಳಿಸುವವರಲ್ಲ. ಆದರೆ ಅಂಗಳಕ್ಕೆ ದುರ್ಬೀನು ಬಂದ ಕೂಡಲೇ ಒಳಗೆ ಹೋಗಿಬಿಡುತ್ತಿದ್ದರು. ನೋಡಲು ಕರೆದರೆ, “ನನಗೆ ಅದರ ಸಹವಾಸ ಬ್ಯಾಡಕ್ಕ. ನೀವು ನೋಡ್ರಿ” ಅನ್ನುತ್ತಿದ್ದರು.

ಎಂಬತ್ತನೇ ಇಸವಿಯ ಸೂರ್ಯಗ್ರಹಣ ಬಂತು. ಹುಬ್ಬಳ್ಳಿ, ಗದಗದ ಕಡೆ ಪೂರ್ತಿ ಮುಚ್ಚುತ್ತದೆ, ನಮ್ಮ ಕಡೆ ಉಗುರಿನ ಅಂಚಿನಷ್ಟು ಉಳಿಯುತ್ತದೆ ಅಂತ ಮೇಷ್ಟ್ರು ವಾರ ಮೊದಲೇ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಊರಿನಲ್ಲಿ ಜನ ಬಾಗಿಲು ಹಾಕಿಕೊಂಡು ಕೂರುವ ತಯಾರಿಯಲ್ಲಿದ್ದರು. ಮೇಷ್ಟ್ರು ಹೆಡ್‌ಮಾಸ್ಟರ ಹತ್ತಿರ ಹೋಗಿ, ಯಾರೂ ಸೂರ್ಯನ ಕಡೆ ತಲೆ ಎತ್ತದೆಯೇ ಗ್ರಹಣ ತೋರಿಸುತ್ತೇನೆ ಅಂದರು. ಮನೆಯಲ್ಲಿ ಒಪ್ಪಿದ ಮಕ್ಕಳು ಮಾತ್ರ ಬರಲಿ ಎಂಬ ಷರತ್ತಿನ ಮೇಲೆ ಹೆಡ್‌ಮಾಸ್ಟರು ಒಪ್ಪಿದರು.

ಅವತ್ತು ಶನಿವಾರ, ಬೆಳಗಿನ ಶಾಲೆ ಮುಗಿದಿತ್ತು. ಮಧ್ಯಾಹ್ನ ಬಯಲಿನ ಬೇವಿನ ಮರದ ಪಕ್ಕ ದುರ್ಬೀನು ನಿಂತಿತು. ಮೇಷ್ಟ್ರು ಮರಿ ಕೊಳವೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ದೊಡ್ಡ ಕೊಳವೆಯ ಮುಚ್ಚಳದಲ್ಲಿ ಒಂದು ಪುಟ್ಟ ಕಿಂಡಿಯಷ್ಟೇ ತೆರೆದಿತ್ತು. ಕಣ್ಣಿಡುವ ಜಾಗಕ್ಕೆ, ಯಾರ ತಲೆಯೂ ತೂರದ ಹಾಗೆ, ಒಂದು ರಟ್ಟಿನ ಡಬ್ಬಿ ಕಟ್ಟಬೇಕು; ಅದರ ತಳದಲ್ಲಿ ಬಿಳಿ ಡ್ರಾಯಿಂಗ್ ಶೀಟು. ಬಿಂಬ ಆ ಹಾಳೆಯ ಮೇಲೆ ಬೀಳುತ್ತದೆ, ಪಕ್ಕದಲ್ಲಿ ಕತ್ತರಿಸಿದ ಕಿಟಕಿಯಿಂದ ಎಲ್ಲರೂ ನೋಡಬಹುದು. ಅವರು ಆ ಹಾಳೆಯನ್ನು ಅಂಟಿಸುತ್ತಾ ನಮಗೆ ಬೆನ್ನು ಮಾಡಿ ಕೂತಿದ್ದರು.

ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಸೈನ್ಸ್ ಮೇಷ್ಟ್ರು, ಕೆರೆಬಿಳಚಿಯ ಯುವಕ, ಡ್ರಾಯಿಂಗ್ ಮೇಷ್ಟ್ರನ್ನು ಕಂಡರೆ ಪ್ರಾಣ ಬಿಡುತ್ತಿದ್ದರು. ಅವತ್ತು ಅವರ ಮುಖದಲ್ಲಿ ಏನೋ ಗುಟ್ಟಿನ ಖುಷಿ. ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಕಪ್ಪು ಹಸಿರು ಬಣ್ಣದ ಪುಟ್ಟ ಗಾಜು, ಸುತ್ತ ಹಿತ್ತಾಳೆಯ ಬಳೆ.

“ಸಾರ್, ನಿಮ್ಮ ದುರ್ಬೀನಿನ ಸೂರ್ಯನ ಗಾಜು ಕಳೆದುಹೋಗಿದೆ ಅಂದಿದ್ರಲ್ಲ? ಮುಂಬಯಿಯಲ್ಲಿರೋ ನಮ್ಮ ಮಾವನಿಗೆ ಹೇಳಿ ತರಿಸಿದೀನಿ. ನಿಮಗೇ ಅಂತ.” ಹಾಗನ್ನುತ್ತಲೇ ಕಣ್ಣಿಡುವ ಗಾಜಿಗೆ ಅದನ್ನು ತಿರುಗಿಸಿ ಹಾಕಿಯೂಬಿಟ್ಟರು. “ಹೆಡ್‌ಮಾಸ್ಟರು ಮೊದಲು ನೋಡ್ಲಿ. ಬರ್ರಿ ಸಾರ್.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಮುಂದೆ ಬಂದರು. ಮಕ್ಕಳು ಅವರ ಹಿಂದೆ ಸಾಲು ಕಟ್ಟಿದರು. ಡ್ರಾಯಿಂಗ್ ಮೇಷ್ಟ್ರು ತಿರುಗಿ ನೋಡಿದವರೇ ಎದ್ದು ಬಂದು ಅಂಗೈಯನ್ನು ಕಣ್ಣಿಡುವ ಗಾಜಿನ ಮೇಲೆ ಮುಚ್ಚಿಬಿಟ್ಟರು.

“ಬ್ಯಾಡ್ರಿ. ತೆಗೀರಿ ಇದನ್ನ.”

“ಯಾಕೆ ಸಾರ್? ಕಂಪನಿಯೋರೇ ಮಾಡಿರೋದು. ಸೂರ್ಯನ್ನ ನೋಡಾಕೇ ಅಂತ ಮಾಡಿದ್ದು.”

“ಗೊತ್ತೈತೆ. ತೆಗೀರಿ.”

“ಒಂದು ಸಲ ನೋಡಿದ್ರೆ ಏನಾಗ್ತೈತ್ರಿ ಮೇಷ್ಟ್ರೇ?” ಅಂದರು ಹೆಡ್‌ಮಾಸ್ಟರು. “ಅವರು ಅಷ್ಟು ಆಸೆಯಿಂದ ತರಿಸ್ಯಾರೆ. ಹಾಳೆ ಮೇಲಿನ ನೆರಳು ನೋಡೋದಕ್ಕೂ ಖುದ್ದು ನೋಡೋದಕ್ಕೂ ವ್ಯತ್ಯಾಸ ಇಲ್ವಾ?”

ಮೇಷ್ಟ್ರು ಕೈ ತೆಗೆಯಲಿಲ್ಲ. ಒಂದು ಗಳಿಗೆ ಮಕ್ಕಳ ಸಾಲನ್ನು ನೋಡಿದರು. ಆಮೇಲೆ ಇನ್ನೊಂದು ಕೈಯಿಂದ ತಮ್ಮ ಎಡಗಣ್ಣನ್ನು ಮುಚ್ಚಿಕೊಂಡು, ಹೆಡ್‌ಮಾಸ್ಟರಿಗೆ ಎದುರಾಗಿ, ನೇರವಾಗಿ ನಿಂತರು. ಅವರು ಯಾರನ್ನಾದರೂ ಹಾಗೆ ನೇರವಾಗಿ ನೋಡಿದ್ದು ನಾನು ಕಂಡದ್ದು ಅದೇ ಮೊದಲು.

“ಸಾರ್, ಈಗ ನಿಮ್ಮ ಟೋಪಿ ಕಾಣ್ತೈತೆ. ಎರಡೂ ಹೆಗಲು ಕಾಣ್ತವೆ. ಹಿಂದಿನ ಬೇವಿನ ಮರ ಕಾಣ್ತೈತೆ. ಮುಖ ಇಲ್ಲ. ಮುಖ ಇರೋ ಜಾಗದಾಗೆ ಏನೂ ಇಲ್ಲ.”

ಹೆಡ್‌ಮಾಸ್ಟರು ಒಂದು ಹೆಜ್ಜೆ ಹಿಂದೆ ಸರಿದರು.

“ಇಂಥದೇ ಗಾಜು. ಚನ್ನಗಿರಿಯಾಗೆ, ಮಟಮಟ ಮಧ್ಯಾಹ್ನ, ನಾನೊಬ್ನೇ. ಸೂರ್ಯನ ಮೇಲೆ ಕಪ್ಪು ಚುಕ್ಕೆ ಇರ್ತವೆ, ಅದರ ಚಿತ್ರ ಬರೀತಿದ್ದೆ. ಬಾಳ ಚೆನ್ನಾಗಿ ಕಾಣ್ತಿತ್ತು. ಕನ್ನಡಿ ಬಿಸಿಲನ್ನೆಲ್ಲ ಒಟ್ಟು ಮಾಡಿ ಆ ಗಾಜಿನ ಮೇಲೇ ತಂದು ಹಾಕ್ತೈತೆ. ಕಾದು ಕಾದು ಟಿಕ್ ಅಂತು. ಕಣ್ಣು ತೆಗೆಯೋದ್ರೊಳಗೆ ಮುಗೀತು. ನೋವೇ ಇಲ್ಲ ಸಾರ್, ಅದೇ ಮೋಸ. ಸಂಜೆ ಮನೇಲಿ ಪೇಪರು ಹಿಡಿದಾಗ ಗೊತ್ತಾಯ್ತು, ಯಾವ ಅಕ್ಷರ ನೋಡ್ತೀನೋ ಆ ಅಕ್ಷರ ಇಲ್ಲ.” ಅವರು ಕಣ್ಣಿನಿಂದ ಕೈ ತೆಗೆದು ಸೈನ್ಸ್ ಮೇಷ್ಟ್ರ ಕಡೆ ತಿರುಗಿದರು. “ಕಳೆದುಹೋಗಿದೆ ಅಂತ ನಿಮಗೆ ಸುಳ್ಳು ಹೇಳಿದ್ದೆ. ಒಡೆದದ್ದನ್ನ ಒರಳಿಗೆ ಹಾಕಿ ಪುಡಿ ಮಾಡಿದೀನಿ. ಇದನ್ನೂ ಹಂಗೇ ಮಾಡ್ರಿ. ನಿಮ್ಮ ಪ್ರೀತಿ ನನ್ನ ಹತ್ರ ಇರ್ತೈತೆ.”

ಸೈನ್ಸ್ ಮೇಷ್ಟ್ರು ಗಾಜನ್ನು ಬಿಚ್ಚಿದರು. ಮರದ ಬುಡದಲ್ಲಿದ್ದ ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ತಾವೇ ಜಜ್ಜಿದರು.

ಆಮೇಲೆ ಮೇಷ್ಟ್ರು ಏನೂ ಆಗದವರ ಹಾಗೆ ಕೆಲಸಕ್ಕೆ ಇಳಿದರು. ಡಬ್ಬಿ ಕಟ್ಟಿ, ಕೊಳವೆಯತ್ತ ನೋಡದೆ ನೆಲದ ಮೇಲಿನ ಅದರ ನೆರಳನ್ನೇ ನೋಡುತ್ತಾ ತಿರುಗಿಸತೊಡಗಿದರು. “ನೆರಳು ಗಿಡ್ಡ ಆಗ್ತಾ ಆಗ್ತಾ ಬರೀ ಗುಂಡಗೆ ಉಳೀತು ಅಂದ್ರೆ, ಕೊಳವೆ ಸೂರ್ಯನಿಗೆ ಎದುರಾಗೈತೆ ಅಂತ ಅರ್ಥ.” ಹಾಳೆಯ ಮೇಲೆ ಬೆಳ್ಳಗೆ ಒಂದು ಬಿಲ್ಲೆ ಬಂದು ಕೂತಿತು. ಒಂದು ಕಡೆಯಿಂದ ಯಾರೋ ಕಚ್ಚಿದ ಹಾಗಿತ್ತು. ಆಗಾಗ ಕೊಳವೆಯನ್ನು ಪಕ್ಕಕ್ಕೆ ಹೊರಳಿಸಿ, ಆರಲು ಬಿಟ್ಟು, ಮತ್ತೆ ಹಿಡಿಯುತ್ತಿದ್ದರು. ಒಂದು ನಿಮಿಷವೂ ಅದರ ಪಕ್ಕ ಬಿಟ್ಟು ಅಲುಗಲಿಲ್ಲ.

ಬಿಸಿಲು ಬೂದಿ ಬಣ್ಣಕ್ಕೆ ತಿರುಗಿತು. ಕಾಗೆಗಳು ಗೊಂದಲಕ್ಕೆ ಬಿದ್ದವು. ಆಗ ಒಂದು ಹುಡುಗಿ, “ಟೀಚರ್, ನೆಲ ನೋಡ್ರಿ!” ಅಂದಳು. ಬೇವಿನ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಪುಟ್ಟ ಕುಡುಗೋಲಾಗಿತ್ತು. ನೆಲದ ತುಂಬ, ನಮ್ಮ ಸೀರೆಗಳ ಮೇಲೆ, ಹೆಡ್‌ಮಾಸ್ಟರ ಟೋಪಿಯ ಮೇಲೆ, ಎಲ್ಲ ಕಡೆ ಸೂರ್ಯನ ಚೂರುಗಳು. ಮೇಷ್ಟ್ರಿಗೂ ಅದು ಗೊತ್ತಿರಲಿಲ್ಲವೋ ಏನೋ, ಬಾಯಿ ತೆರೆದು ನಿಂತುಬಿಟ್ಟರು. ಸಂಜೆ ನಾನು ಹೊನ್ನಾಳಿಗೆ ಹೋದಾಗ ನಮ್ಮತ್ತೆಯೂ ಅದನ್ನೇ ಹೇಳಿದರು. ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡು ಕೂತಿದ್ದವರ ಮುಂದೆ, ಅಡುಗೆಮನೆಯ ಹೆಂಚಿನ ತೂತಿನಿಂದ ಇಳಿದ ಬಿಸಿಲಕೋಲು ನೆಲದ ಮೇಲೆ ಗ್ರಹಣವನ್ನು ತಾನಾಗಿಯೇ ತಂದಿಟ್ಟಿತ್ತು.

ಅವತ್ತಿನ ಮಾತು ಬಯಲಿನಲ್ಲೇ ಉಳಿಯಲಿಲ್ಲ. ಯಾರೂ ದೂರು ಕೊಡಲಿಲ್ಲ. ಮಕ್ಕಳು ಮನೆಯಲ್ಲಿ ಹೇಳಿದರು, ಮನೆಯವರು ಸಂತೆಯಲ್ಲಿ ಹೇಳಿದರು, ಅಲ್ಲಿಂದ ಅದು ಇಲಾಖೆಯ ಕಿವಿಗೂ ಬಿತ್ತು. ಒಂದು ಕಣ್ಣಿಲ್ಲದ ಡ್ರಾಯಿಂಗ್ ಮಾಸ್ತರು ಅಂದರೇನು ಅಂತ ಮೇಷ್ಟ್ರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಜೊತೆಗೆ ಸೈನ್ಸ್ ಮೇಷ್ಟ್ರೂ ಹೋದರು. ಎಡಗಣ್ಣು ಚೆನ್ನಾಗಿದೆ, ಪಾಠ ಮಾಡಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಕೆಲಸ ಉಳಿಯಿತು. ಆದರೆ ಶಿಕ್ಷಕರಿಗೆ ತರಬೇತಿ ಕೊಡುವ ಕಡೆ ಚಿತ್ರಕಲೆ ಕಲಿಸುವ ಜಾಗಕ್ಕೆ ಅವರ ಹೆಸರು ಹೋಗಿತ್ತು, ಅದು ಬೇರೆಯವರಿಗಾಯಿತು. ಬಹಳ ವರ್ಷ ಅದಕ್ಕಾಗಿ ಕಾದಿದ್ದರು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳಿದೆ: “ಬಾಯಿ ಬಿಡದೆ ಇದ್ದಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ? ಬೇರೆ ಏನಾದ್ರೂ ಹೇಳಿ ತಪ್ಪಿಸಬಹುದಿತ್ತು.”

ಅವರು ಓರೆಗಣ್ಣಿನಲ್ಲಿ ನನ್ನನ್ನು ನೋಡಿ, “ಬ್ಯಾರೆ ಏನು ಹೇಳಿದ್ರೂ ಆ ಸೈನ್ಸ್ ಹುಡುಗ ನಂಬ್ತಿರಲಿಲ್ಲ. ಅವತ್ತು ಚನ್ನಗಿರಿಯಾಗೆ ಯಾರಾದ್ರೂ ನನಗೆ ಹೇಳಿದ್ರೆ ನಾನು ಕೇಳ್ತಿದ್ನಾ ಮೇಡಮ್ಮೋರೆ?” ಅಂದರು. ಬಸ್ಸು ಬಂತು.

ಆಮೇಲೆ ಅವರು ತಾವಾಗಿ ಕೇಳಿಕೊಂಡು ಜಗಳೂರಿಗೆ ವರ್ಗ ಮಾಡಿಸಿಕೊಂಡರು. ಹೆಂಡತಿಯ ತವರಿನ ಸೀಮೆ. ನಾನು ಅಲ್ಲಿಗೆ ಹೋದದ್ದು ಹ್ಯಾಲಿ ಧೂಮಕೇತು ಬಂದ ವರ್ಷ, ಸಂಕ್ರಾಂತಿಯ ಆಸುಪಾಸಿನಲ್ಲಿ, ಗಂಡನ ಜೊತೆ. ಮನೆ ಊರಿನ ಅಂಚಿನಲ್ಲಿತ್ತು. ಮುಂದೆ ಕೊಯ್ದ ಹೊಲ, ಅದರಾಚೆ ಕಣ್ಣಿಗೆ ಅಡ್ಡ ಬರುವ ಒಂದು ಮರವೂ ಇಲ್ಲ. ಆಕಾಶ ನೆಲದವರೆಗೂ ಇಳಿದಿತ್ತು. “ದುರ್ಬೀನಿಗೆ ಇದಕ್ಕಿಂತ ಒಳ್ಳೆ ಊರು ಬೇಕೇನ್ರಿ?” ಅಂದರು ಮೇಷ್ಟ್ರು. ತಲೆ ಬೆಳ್ಳಗಾಗಿತ್ತು, ಮುಖ ಮೊದಲಿಗಿಂತ ತುಂಬಿಕೊಂಡಿತ್ತು.

ಅಂಗಳದಲ್ಲಿ ಆಗಲೇ ಓಣಿಯವರು ಸೇರಿದ್ದರು: ಎದುರು ಮನೆಯ ಟೇಲರು, ಚಹದಂಗಡಿಯವನು, ನಾಲ್ಕಾರು ಹೆಂಗಸರು. ಧೂಮಕೇತು ಕಾಣುವುದು ಪಡುವಣದಲ್ಲೇ. ಹೊತ್ತು ಮುಳುಗಿ, ಕೆಂಪು ಆರಿ, ಗುರುಗ್ರಹ ಕಣ್ಣಿಗೆ ಬೀಳುವವರೆಗೂ ಮೇಷ್ಟ್ರು ಮುಚ್ಚಳ ತೆಗೆಯಲಿಲ್ಲ. ಯಾರೂ ಅವಸರ ಮಾಡಲೂ ಇಲ್ಲ. ಓಣಿಗೆಲ್ಲ ಅಭ್ಯಾಸವಾಗಿತ್ತು.

ಕಣ್ಣಿಟ್ಟವರೆಲ್ಲ, “ಏನೂ ಕಾಣಲ್ಲ ಮೇಷ್ಟ್ರೇ” ಅನ್ನತೊಡಗಿದರು. ನನಗೂ ಕಾಣಲಿಲ್ಲ.

“ಅದನ್ನೇ ನೋಡಬ್ಯಾಡ್ರಿ, ಅದರ ಪಕ್ಕದಾಗೆ ನೋಡ್ರಿ. ಮಸುಕಾದದ್ದು ಕಣ್ಣಿನ ನಡುವಿಗೆ ಸಿಗಲ್ಲ, ಅಂಚಿಗೆ ಸಿಗ್ತೈತೆ.” ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, “ಇದನ್ನ ಮೊದಲು ಹಿಡಿದದ್ದು ನನ್ನ ಬಲಗಣ್ಣೇ ಮೇಡಮ್ಮೋರೆ. ಅದಕ್ಕೆ ಉಳಿದಿರೋದೇ ಅಂಚು. ನೀವು ಹುಡುಕ್ತೀರಿ, ಅದಕ್ಕೆ ಹುಡುಕೋ ಕೆಲಸಾನೇ ಇಲ್ಲ” ಅಂದು ನಕ್ಕರು.

ನಾನು ನೋಟವನ್ನು ಸ್ವಲ್ಪ ಪಕ್ಕಕ್ಕೆ ಜಾರಿಸಿದೆ. ಹಿಂಜಿದ ಹತ್ತಿಯ ಒಂದು ಎಳೆ, ಒಂದು ಕಡೆಗೆ ಊದಿದ ಹಾಗೆ, ಕತ್ತಲಲ್ಲಿ ತೇಲುತ್ತಿತ್ತು.

ಸಾಲು ಮುಂದೆ ಸರಿಯಿತು. ಮೇಷ್ಟ್ರು ಬಗ್ಗಿ ಮರಿ ಕೊಳವೆಯಲ್ಲಿ ಗುರಿ ಸರಿಮಾಡುತ್ತಾ, “ಕೈ ಹಿಂದೆ ಕಟ್ಕೊಳ್ರಿ” ಅಂದರು. ಬಳೆ ಸದ್ದಾಯಿತು. ತಲೆ ಎತ್ತಿ, ಕತ್ತು ತಿರುಗಿಸಿ ನೋಡಿದರೆ ಮುಂದೆ ನಿಂತಿದ್ದದ್ದು ಅವರ ಹೆಂಡತಿ. ಅಡುಗೆಮನೆಯಿಂದ ಬಂದಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು. ಯಾರೂ ಅವರನ್ನು ಕರೆದಿರಲಿಲ್ಲ.

ಮೇಷ್ಟ್ರು ಒಳಗೆ ಹೋಗಿ ಊಟದ ಮಣೆ ತಂದು ಅವರ ಕಾಲ ಬಳಿ ಹಾಕಿದರು. “ಹತ್ತು. ನಿನಗೆ ಎತ್ತರ ಸಾಲಲ್ಲ.”

ಅವರು ಮಣೆ ಹತ್ತಿ, ಕೈ ಹಿಂದೆ ಕಟ್ಟಿಕೊಂಡು, ಮೊದಲು ಕಣ್ಣು ಗಟ್ಟಿಯಾಗಿ ಮುಚ್ಚಿದರು. ಆಮೇಲೆ ನಿಧಾನಕ್ಕೆ ತೆರೆದರು.

“ಎಲ್ಲೈತ್ರಿ?”

“ಸ್ವಲ್ಪ ಪಕ್ಕಕ್ಕೆ ನೋಡು.”

ಮೇಷ್ಟ್ರು ಮಣೆ ಅಲುಗದ ಹಾಗೆ ಕಾಲಿನಿಂದ ಒತ್ತಿಕೊಂಡು ನಿಂತಿದ್ದರು. ಹಿಂದಿನಿಂದ ಟೇಲರು, “ಅಮ್ಮಾರೆ, ನಮಗೂ ಒಂಚೂರು ಬಿಡ್ರಿ, ಮುಳುಗಿ ಹೋಗ್ತೈತೆ” ಅಂದ.

ಅವರು ಕಣ್ಣು ತೆಗೆಯದೆಯೇ, “ಇರಪ್ಪ, ಈಗ ತಾನೇ ಸಿಕ್ಕೈತೆ” ಅಂದರು.